ಮೆಟ್ಟುಗತ್ತಿಯ ಮುಂದೆ ನಡುಗಿದ ಕೈ: ಒಂದು ಪ್ರಕರಣ ಅಧ್ಯಯನ

2023ರ ಡಿಸೆಂಬರ್. ಶಿರಸಿ ಕಡೆ ಅಡಿಕೆ ಕೊಯ್ಲಿನ ಭರಾಟೆ. ರಾತ್ರಿ ಒಂಬತ್ತೂವರೆಗೆ ಅಕ್ಕನ ಫೋನು ಬಂತು. "ತಮಾ, ನಿನ್ನ ಭಾವ ಕೈ ಕೊಯ್ಕಂಡ" ಎಂದಳು.

ಅಡಿಕೆ ಸುಲಿಯುವ ಮನೆಯಲ್ಲಿ ಕೈ ಕೊಯ್ದುಕೊಳ್ಳುವುದು ದೊಡ್ಡ ಸುದ್ದಿಯಲ್ಲ. ಆದರೆ ಭಾವ ಹದಿನಾರನೇ ವಯಸ್ಸಿನಿಂದ ಸುಲಿದವನು. ಕರೆಂಟ್ ಹೋದರೂ ಅವನ ಮೆಟ್ಟುಗತ್ತಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಗಾಯದ ಸುದ್ದಿಗಿಂತ ಅಕ್ಕ ಆಮೇಲೆ ಹೇಳಿದ ಮಾತು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. "ಕೈ ನಿಲ್ತಿಲ್ಲೆ. ಚಾ ಲೋಟ ಹಿಡಿದ್ರೂ ನಡುಗ್ತು."

ಭಾವನ ಹೊಟ್ಟೆಯಲ್ಲಿರುವುದು ಅಕ್ಕನ ಕಿಡ್ನಿ. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಸಣ್ಣ ತೊಂದರೆಯೂ ಸಣ್ಣದಲ್ಲ.

ನಾನು ಕಾರವಾರದಲ್ಲಿ ಕಾಲೇಜು ಮಕ್ಕಳಿಗೆ ಜೀವರಸಾಯನ ಕಲಿಸುವವನು. ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು ಬರೆಯುತ್ತಿದ್ದೇನೆ. ವೈದ್ಯಕೀಯ ಸಲಹೆ ಕೊಡುವ ಅರ್ಹತೆ ನನಗಿಲ್ಲ. ಆದರೆ ಆ ನಡುಗುವ ಕೈಯ ಹಿಂದೆ ಇದ್ದದ್ದು ನಾನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿರುವ ಪಾಠವೇ. ಅದು ಅಕ್ಕನ ಮನೆಯ ಜಗಲಿಯಲ್ಲಿ ಎದುರು ಕೂತಾಗ ನನಗೆ ಗುರುತು ಸಿಗಲಿಲ್ಲ.

ಹಿನ್ನೆಲೆ

ಭಾವನಿಗೆ ಆಗ 54 ವರ್ಷ. ಬಿಪಿ ಇದೆ ಎಂದು ಗೊತ್ತಾಗುವ ಹೊತ್ತಿಗೆ ಕಿಡ್ನಿ ಅರ್ಧಕ್ಕಿಂತ ಜಾಸ್ತಿ ಕೆಟ್ಟಿತ್ತು. ಕೆಲವು ತಿಂಗಳು ಡಯಾಲಿಸಿಸ್ ಆಯಿತು. 2021ರ ಫೆಬ್ರವರಿಯಲ್ಲಿ ಮಂಗಳೂರು ಕಡೆಯ ಒಂದು ಆಸ್ಪತ್ರೆಯಲ್ಲಿ ಕಸಿ ಮಾಡಿಸಿದೆವು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದರೆ ಹುಬ್ಬಳ್ಳಿ, ಮಂಗಳೂರು, ಇಲ್ಲವೇ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜನ ಕೂಗುತ್ತಲೇ ಇದ್ದಾರೆ. ಅದು ಬೇರೆಯೇ ಕಥೆ, ಇಲ್ಲಿ ಬೇಡ.

ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲು ಮೂರು ಔಷಧ ದಿನವೂ ಇದ್ದವು. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್. ಟ್ಯಾಕ್ರೋಲಿಮಸ್ ಬೆಳಿಗ್ಗೆ ಒಂಬತ್ತಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ. ಭಾವ ಈ ವಿಷಯದಲ್ಲಿ ಬಹಳ ಶಿಸ್ತಿನವನು. ತೋಟದಲ್ಲಿ ಕೊನೆಗೌಡ ಮರದ ಮೇಲಿದ್ದರೂ, ಒಂಬತ್ತು ಹೊಡೆಯುವಾಗ ಭಾವ ಮನೆಯೊಳಗಿರುತ್ತಿದ್ದ. ಮಂಗನ ಕಾಯಿಲೆಯ ಹೆದರಿಕೆಗೆ ಬೆಟ್ಟಕ್ಕೆ ದರಕು ತರಲು ಹೋಗುವುದನ್ನೂ ಬಿಟ್ಟಿದ್ದ. ಉಣ್ಣೆ ಕಚ್ಚಿ ಬರುವ ಜ್ವರವನ್ನು ತಡೆಯುವ ತಾಕತ್ತು ಅವನ ಮೈಗೆ ಈಗ ಕಮ್ಮಿ. ಬಿಡುಗಡೆಯಾಗುವಾಗ ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಏನು ತಿನ್ನಬಾರದು ಎಂದು ಬರೆದಿತ್ತೋ, ಅದನ್ನೂ ಮುಟ್ಟಿರಲಿಲ್ಲ. ಅಥವಾ ಮುಟ್ಟಿಲ್ಲ ಎಂದೇ ನಾವೆಲ್ಲ ನಂಬಿದ್ದೆವು.

ನಾವು ಮೊದಲು ಯಾರ ಮೇಲೆ ಅನುಮಾನಪಟ್ಟೆವು

ಮರುದಿನ ರಜೆ ಹಾಕಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿದೆ. ಮನೆ ಮುಟ್ಟುವಾಗ ಭಾವ ಜಗಲಿಯಲ್ಲಿ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಎರಡೂ ಕೈ ಮುಂದೆ ಚಾಚಲು ಹೇಳಿದೆ. ಬೆರಳ ತುದಿಗಳು ಸಣ್ಣಗೆ, ಒಂದೇ ಸಮನೆ ನಡುಗುತ್ತಿದ್ದವು. ಗಾಳಿಗೆ ವೀಳ್ಯದೆಲೆ ಅಲುಗುವ ಹಾಗೆ.

ಕೇಳುತ್ತಾ ಹೋದಂತೆ ಒಂದೊಂದೇ ಹೊರಬಂತು. ಎರಡು ವಾರದಿಂದ ತಲೆನೋವು. ನಿದ್ದೆ ಸರಿಯಿಲ್ಲ. ಬಿಪಿ ನೋಡಿದರೆ 150/94. ಮೊದಲು 130ರ ಆಸುಪಾಸು ಇರುತ್ತಿತ್ತು. "ಮೊದಲೇ ಹೇಳೂಲೆ ಆಗ್ತಿತ್ತಿಲ್ಯ?" ಎಂದು ಅಕ್ಕ ರೇಗಿದಳು. ಕೊಯ್ಲಿನ ಹೊತ್ತಲ್ಲಿ ಯಾರಿಗೆ ಪುರುಸೊತ್ತು ಎಂದು ಅವನ ಉತ್ತರ.

ಪ್ರತಿಯೊಬ್ಬರ ಹತ್ತಿರವೂ ಒಂದು ವಿವರಣೆ ಇತ್ತು. ಪಕ್ಕದ ಮನೆಯವರು ಚಳಿ ಎಂದರು. ಸುಲಿಯಲು ಬಂದ ಹೆಂಗಸರು ಆಯಾಸ ಎಂದರು. ನನಗೆ ಸಕ್ಕರೆಯ ಮೇಲೆ ಅನುಮಾನ. ಭಾವನದ್ದು ಎಲ್ಲಕ್ಕಿಂತ ಅಪಾಯದ ವಿವರಣೆ. ಮೂರು ವರ್ಷದ ಗುಳಿಗೆ ಮೈಯಲ್ಲಿ ತುಂಬಿಕೊಂಡಿದೆ, ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತದೆ ಎಂದು ಅವನ ಲೆಕ್ಕ. ಅರ್ಧ ಸರಿ, ಅರ್ಧ ತಪ್ಪು. ಇಂಥ ಅರ್ಧ ಸರಿಯಾದ ಲೆಕ್ಕಗಳೇ ಕಸಿ ಮಾಡಿದ ಕಿಡ್ನಿಯನ್ನು ಕಳೆಯುವುದು.

ಗುಳಿಗೆ ಬಿಡಬೇಡ, ಮೊದಲು ರಕ್ತ ನೋಡೋಣ ಎಂದೆ. ಟ್ಯಾಕ್ರೋಲಿಮಸ್ ಅಳೆಯುವುದಕ್ಕೆ ಒಂದು ಕ್ರಮ ಇದೆ. ಹಿಂದಿನ ರಾತ್ರಿಯ ಗುಳಿಗೆಯಾಗಿ ಹನ್ನೆರಡು ಗಂಟೆ ಆಗಬೇಕು, ಬೆಳಗಿನ ಗುಳಿಗೆ ನುಂಗಿರಬಾರದು. ಔಷಧ ಅತಿ ಕಮ್ಮಿ ಇರುವ ಹೊತ್ತಿನ ಮಟ್ಟವನ್ನೇ ವೈದ್ಯರು ನೋಡುವುದು. ಅದನ್ನು ಅಳೆಯುವುದು ಇಡೀ ರಕ್ತದಲ್ಲಿ, ಯಾಕೆಂದರೆ ಈ ಔಷಧದ ಬಹುಪಾಲು ಕೆಂಪು ರಕ್ತಕಣಗಳಲ್ಲೇ ಕೂತಿರುತ್ತದೆ. ಶಿರಸಿ ಪೇಟೆಯಲ್ಲಿ ರಕ್ತ ಕೊಟ್ಟೆವು, ಅವರು ಹೊರಗೆ ಕಳಿಸಿದರು. ಮೂರನೇ ದಿನ ಮೊಬೈಲಿಗೆ ವರದಿ ಬಂತು.

ಮಿಲಿಲೀಟರಿಗೆ 16.8 ನ್ಯಾನೋಗ್ರಾಂ. ಹಿಂದಿನ ಮೂರು ವರದಿಗಳಲ್ಲಿ ಇದ್ದದ್ದು 6.2, 5.9, 6.6. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.2ರಿಂದ 1.7ಕ್ಕೆ ಏರಿತ್ತು. ಒಂದು ನ್ಯಾನೋಗ್ರಾಂ ಅಂದರೆ ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು. ಅಷ್ಟು ಚೂರಿನ ಹತ್ತು ಹೆಚ್ಚಾದದ್ದಕ್ಕೆ ಒಬ್ಬ ಗಟ್ಟಿ ಆಳಿನ ಕೈ ನಡುಗಿ, ಕಿಡ್ನಿ ಸುಸ್ತಾಗಿತ್ತು.

ಡಾಕ್ಟರ ಐದನೇ ಪ್ರಶ್ನೆ

ಆಸ್ಪತ್ರೆಯ ಕಿಡ್ನಿ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆವು. ಅವರು ಗಾಬರಿಯಾಗಲಿಲ್ಲ. ಒಂದೊಂದೇ ಕೇಳಿದರು. ಗುಳಿಗೆ ನುಂಗಿ ರಕ್ತ ಕೊಟ್ಟದ್ದಾ? ಇಲ್ಲ. ಭೇದಿ ಆಗಿತ್ತಾ? ಇಲ್ಲ. (ಭೇದಿಯಾದರೆ ಈ ಔಷಧದ ಮಟ್ಟ ಇಳಿಯುವುದಿಲ್ಲ, ಏರುತ್ತದೆ. ನನಗೂ ಅಂದೇ ಗೊತ್ತಾದದ್ದು.) ಬೇರೆ ಯಾರಾದರೂ ಆ್ಯಂಟಿಬಯಾಟಿಕ್, ಹುಳುಕಡ್ಡಿಗೆ ಗುಳಿಗೆ, ಕಷಾಯ ಕೊಟ್ಟಿದ್ದಾರಾ? ಇಲ್ಲ. ಗ್ರೇಪ್‌ಫ್ರೂಟ್?

ಭಾವ ಎದೆ ಉಬ್ಬಿಸಿ ಹೇಳಿದ. "ಮೂರು ವರ್ಷದಿಂದ ಒಂದು ದ್ರಾಕ್ಷಿ ಬಾಯಿಗೆ ಹಾಕಿಲ್ಲ ಡಾಕ್ಟ್ರೇ. ಮದುವೆಮನೆ ಪಾಯಸದಲ್ಲಿ ಒಣದ್ರಾಕ್ಷಿ ಸಿಕ್ಕಿದ್ರೂ ಬಾಳೆಲೆ ತುದಿಗೆ ಸರಿಸ್ತೆ."

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಡಾಕ್ಟರು ಮೆಲ್ಲಗೆ ಕೇಳಿದರು. "ನಿಮ್ಮ ಮನೆಯಲ್ಲಿ ಚಕ್ಕೋತದ ಮರ ಉಂಟಾ?"

ಇತ್ತು. ಕೊಟ್ಟಿಗೆಯ ಹಿಂದೆ. ಪ್ರತಿ ವರ್ಷ ಅದರ ಹಣ್ಣು ಮಂಗಗಳಿಗೇ ಮೀಸಲು. ಆ ವರ್ಷ ಮನೆಗೆ ಹೊಸ ನಾಯಿ ಬಂದಿತ್ತು. ಅದರ ಬೊಬ್ಬೆಗೆ ಮಂಗಗಳು ಅಂಗಳಕ್ಕೆ ಇಳಿಯಲಿಲ್ಲ. ದೀಪಾವಳಿ ಕಳೆದ ಮೇಲೆ ಹಣ್ಣು ಒಂದೊಂದಾಗಿ ಕೈಗೆ ಸಿಗತೊಡಗಿತು. ದಿನಾ ಮಧ್ಯಾಹ್ನ ಮೂರಕ್ಕೆ, ಸುಲಿತಕ್ಕೆ ಕೂರುವ ಮೊದಲು, ತೊಳೆ ಬಿಡಿಸಿ, ಉಪ್ಪು ಮೆಣಸಿನಪುಡಿ ಬೆಲ್ಲ ಕಲಸಿ ಎಲ್ಲರಿಗೂ ಒಂದೊಂದು ಬಟ್ಟಲು. ಭಾವನದ್ದು ಎರಡು ಬಟ್ಟಲು. ನಾನು ನವೆಂಬರ್ ಕೊನೆಯಲ್ಲಿ ಹೋದಾಗ ಪಕ್ಕದಲ್ಲೇ ಕೂತು ತಿಂದಿದ್ದೆ. ಚೆನ್ನಾಗಿದೆ ಎಂದು ಇನ್ನಷ್ಟು ಹಾಕಿಸಿಕೊಂಡಿದ್ದೆ ಕೂಡ.

ಗ್ರೇಪ್‌ಫ್ರೂಟ್ ದ್ರಾಕ್ಷಿ ಅಲ್ಲ. ಹೆಸರಿನಲ್ಲಿ ಮಾತ್ರ ದ್ರಾಕ್ಷಿ, ಹುಟ್ಟಿನಲ್ಲಿ ಚಕ್ಕೋತದ ಮಗಳು. ಚಕ್ಕೋತ ಮತ್ತು ಕಿತ್ತಳೆ ಬೆರೆತು ಬಂದ ಹಣ್ಣದು. ಇಂಗ್ಲಿಷಿನ ಹಾಳೆಯನ್ನು ಯಾರೋ ಓದಿ ಹೇಳುವಾಗ ದ್ರಾಕ್ಷಿ ಎಂದಿದ್ದರು. ಆ ಯಾರೋ ನಾನೇ ಇರಬಹುದು. ಅಕ್ಕ ಹಾಗೆ ಹೇಳುತ್ತಾಳೆ, ನನಗೆ ನೆನಪಿಲ್ಲ. ನೆನಪಿಲ್ಲ ಎಂಬುದೇ ಅನುಮಾನಕ್ಕೆ ಸಾಕು.

ಹಣ್ಣು ಮಾಡಿದ್ದೇನು?

ಇದನ್ನು ಬೇಗ ಮುಗಿಸುತ್ತೇನೆ. ಟ್ಯಾಕ್ರೋಲಿಮಸ್ಸನ್ನು ಒಡೆಯುವ ಒಂದು ಕಿಣ್ವ ನಮ್ಮ ಕರುಳಿನ ಗೋಡೆಯಲ್ಲೂ ಲಿವರಿನಲ್ಲೂ ಇದೆ. ಹೆಸರು ಸಿವೈಪಿ3ಎ4. ನುಂಗಿದ ಗುಳಿಗೆಯ ದೊಡ್ಡ ಪಾಲು ರಕ್ತಕ್ಕೆ ಸೇರುವ ಮೊದಲೇ ಅಲ್ಲಿ ಹಾಳಾಗುತ್ತದೆ. ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿದೇ ಡಾಕ್ಟರು ಪ್ರಮಾಣ ಹೇಳುವುದು. ಗ್ರೇಪ್‌ಫ್ರೂಟ್, ಚಕ್ಕೋತಗಳಲ್ಲಿರುವ ಫ್ಯುರಾನೋಕೂಮರಿನ್ ಎಂಬ ಪದಾರ್ಥಗಳು ಕರುಳಿನ ಆ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತವೆ. ಕರುಳು ಹೊಸ ಕಿಣ್ವ ಮಾಡಿಕೊಳ್ಳುವ ತನಕ ಬಾಗಿಲು ಹಾರು ಹೊಡೆದಂತೆಯೇ. ಅದಕ್ಕೆ ಒಂದರಿಂದ ಮೂರು ದಿನ ಬೇಕು. ಹಾಗಾಗಿ ಹಣ್ಣು ಮೂರು ಗಂಟೆಗೆ, ಗುಳಿಗೆ ಒಂಬತ್ತಕ್ಕೆ ಎಂದು ಅಂತರ ಇಟ್ಟು ಪ್ರಯೋಜನ ಇಲ್ಲ. ಭಾವ ದಿನಾ ತಿನ್ನುತ್ತಿದ್ದ. ಅಂದರೆ ಕರುಳಿಗೆ ಚೇತರಿಸಿಕೊಳ್ಳಲು ಸಮಯವೇ ಸಿಗಲಿಲ್ಲ.

ಈ ಸಂಗತಿ ಜಗತ್ತಿಗೆ ಗೊತ್ತಾದದ್ದೂ ಆಕಸ್ಮಿಕವೇ. 1989ರಲ್ಲಿ ಕೆನಡಾದ ಡೇವಿಡ್ ಬೈಲಿ ಮತ್ತು ಜೊತೆಯವರು ಒಂದು ಬಿಪಿ ಔಷಧದ ಮೇಲೆ ಮದ್ಯದ ಪರಿಣಾಮ ನೋಡುತ್ತಿದ್ದರು. ಮದ್ಯದ ರುಚಿ ಮರೆಮಾಚಲು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧ ವಿಪರೀತ ಏರಿತು. ತಪ್ಪು ಮದ್ಯದ್ದಲ್ಲ, ರಸದ್ದು.

ಜಗಲಿಯಲ್ಲಿ ಒಂದು ಪಾಠ

ಸಂಜೆ ಭಾವ ಕೇಳಿದ್ದು ಬೇರೆ. ಹಣ್ಣಿನ ಕಥೆ ಅವನಿಗೆ ಒಂದು ಮಾತಿಗೇ ಅರ್ಥವಾಯಿತು. "ಅಲ್ಲ ಭಾವ, ಈ ಗುಳಿಗೆ ಮೈಯೊಳಗೆ ಮಾಡೂದಾದ್ರೂ ಎಂತ? ರೋಗ ತಡೆಯೋ ಕಣ ಎಲ್ಲ ಕೊಲ್ತ?"

ಕೊಲ್ಲುವುದಿಲ್ಲ. ಈ ಪ್ರಕರಣದಲ್ಲಿ ನಾನು ನಿಂತು ಹೇಳಬೇಕಾದ ಮಾತು ಇದೊಂದೇ. ಟ್ಯಾಕ್ರೋಲಿಮಸ್ ರೋಗ ತಡೆಯುವ ಟಿ ಕೋಶಗಳನ್ನು ಕೊಲ್ಲದೆ, ಅವುಗಳ ಒಳಗೆ ಒಂದು ಪ್ರೋಟೀನನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಆ ಬಾಗಿಲು ಕೋಶಕೇಂದ್ರದ್ದು.

ಜೀವಕೋಶದ ಬಹುತೇಕ ವಂಶವಾಹಿಗಳು ಕೋಶಕೇಂದ್ರದೊಳಗೆ ಇವೆ. ಪ್ರೋಟೀನುಗಳು ತಯಾರಾಗುವುದು ಹೊರಗೆ. ಹೊರಗಿನದು ಒಳಗೆ ಹೋಗಲು ಕೇಂದ್ರದ ಪೊರೆಯಲ್ಲಿ ಸಾವಿರಾರು ರಂಧ್ರಗಳಿವೆ. ಒಂದೊಂದು ರಂಧ್ರವೂ ಸುಮಾರು 30 ಬಗೆಯ ಪ್ರೋಟೀನುಗಳಿಂದ, ಎಂಟು ಮುಖದ ಕಟ್ಟಡದಂತೆ ಎದ್ದದ್ದು. ನಡುವೆ ನೂಲಿನಂಥ ತುದಿಗಳು ಹೆಣೆದುಕೊಂಡಿರುತ್ತವೆ. ಸಣ್ಣ ಅಣುಗಳು ನುಸುಳುತ್ತವೆ. ತೂಕ ಸುಮಾರು 40 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ದಾಟಿದರೆ ಸುಮ್ನೆ ನುಗ್ಗಲು ಆಗುವುದಿಲ್ಲ. ಕರೆದುಕೊಂಡು ಹೋಗುವವರು ಬೇಕು.

ತದಡಿಯಿಂದ ಅಘನಾಶಿನಿಗೆ ತಾರಿ ದೋಣಿಯಲ್ಲಿ ಹೋದದ್ದು ಭಾವನಿಗೆ ನೆನಪಿತ್ತು. ಅದೇ ಉದಾಹರಣೆ ಹಿಡಿದೆ. ಇಂಪೋರ್ಟಿನ್ ಎಂಬ ಪ್ರೋಟೀನುಗಳೇ ತಾರಿ. ಹತ್ತಬೇಕಾದರೆ ಚೀಟಿ ಬೇಕು. ಆ ಚೀಟಿ ಪ್ರೋಟೀನಿನ ಮೈಯಲ್ಲೇ ಇರುವ ಕೆಲವೇ ಅಮೈನೋ ಆಮ್ಲಗಳ ಸಾಲು. ಆಚೆ ದಂಡೆಯಲ್ಲಿ, ಅಂದರೆ ಕೇಂದ್ರದೊಳಗೆ, ರ್‍ಯಾನ್ ಎಂಬ ಸಣ್ಣ ಪ್ರೋಟೀನು, ಜಿಟಿಪಿ ಎಂಬ ಪುಟ್ಟ ಅಣುವನ್ನು ಹಿಡಿದುಕೊಂಡು ಕಾದಿರುತ್ತದೆ. ಅದು ತಾರಿಯನ್ನು ಹಿಡಿದ ಕೂಡಲೇ ಪ್ರಯಾಣಿಕ ಇಳಿಯಲೇಬೇಕು. ಖಾಲಿ ತಾರಿ ರ್‍ಯಾನನ್ನು ಕೂರಿಸಿಕೊಂಡು ಈಚೆ ಬರುತ್ತದೆ. ಈಚೆ ದಂಡೆಯಲ್ಲಿ ಜಿಟಿಪಿ ಒಡೆದು ಜಿಡಿಪಿ ಆಗುತ್ತದೆ, ರ್‍ಯಾನ್ ಬಿಟ್ಟುಕೊಡುತ್ತದೆ, ತಾರಿ ಮುಂದಿನ ಪಾಳಿಗೆ ತಯಾರು. ಒಳಗೆ ಜಿಟಿಪಿ ರೂಪ ಜಾಸ್ತಿ, ಹೊರಗೆ ಜಿಡಿಪಿ ರೂಪ ಜಾಸ್ತಿ. ಈ ವ್ಯತ್ಯಾಸವೇ ಯಾವ ಕಡೆ ಹತ್ತಬೇಕು, ಯಾವ ಕಡೆ ಇಳಿಯಬೇಕು ಎಂದು ತೀರ್ಮಾನಿಸುವುದು.

ತಾರಿ ಯಾವಾಗಲೂ ಓಡುತ್ತಿರುತ್ತದೆ. ಹಾಗಾದರೆ ಯಾವ ಪ್ರೋಟೀನು ಯಾವ ಹೊತ್ತಿಗೆ ಹತ್ತಬೇಕು ಎಂದು ಯಾರು ಹೇಳುವುದು? ಇಲ್ಲಿ ಸಂಕೇತ ಒಯ್ಯುವ ಕಿಣ್ವಗಳು ಬರುತ್ತವೆ. ಅವು ಹೆಚ್ಚಾಗಿ ತಾರಿಗೆ ಕೈ ಹಾಕುವುದಿಲ್ಲ. ಪ್ರಯಾಣಿಕನ ಚೀಟಿಯನ್ನು ಮುಚ್ಚುತ್ತವೆ, ಇಲ್ಲವೇ ತೆರೆಯುತ್ತವೆ. ಮುಚ್ಚಲು ತೆರೆಯಲು ಬಳಸುವುದು ಫಾಸ್ಫೇಟ್ ಎಂಬ ಪುಟ್ಟ ಗುಂಪು. ಅದನ್ನು ಅಂಟಿಸುವ ಕಿಣ್ವ ಕೈನೇಸ್. ಕಳಚುವ ಕಿಣ್ವ ಫಾಸ್ಫಟೇಸ್.

ಭಾವನ ಟಿ ಕೋಶಗಳಲ್ಲಿ ಆ ಪ್ರಯಾಣಿಕನ ಹೆಸರು ಎನ್‌ಫ್ಯಾಟ್. ಸುಮ್ಮನಿರುವ ಕೋಶದಲ್ಲಿ ಅದು ಮೈತುಂಬ ಫಾಸ್ಫೇಟ್ ಅಂಟಿಸಿಕೊಂಡು ಹೊರಗೆ ಕೂತಿರುತ್ತದೆ. ಚೀಟಿ ಒಳಗೆ ಮಡಚಿಕೊಂಡಿರುತ್ತದೆ. ಟಿ ಕೋಶ ಒಂದು ಪರಕೀಯ ಅಂಗವನ್ನು, ಇಲ್ಲಿ ಅಕ್ಕನ ಕಿಡ್ನಿಯನ್ನು, ಗುರುತಿಸಿದ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಹೊರಗಡೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ. ತೂಬು ತೆರೆದರೆ ಸಾಕು, ಒಳಗಿನ ಮಟ್ಟ ಹತ್ತು ಪಟ್ಟು ಏರುತ್ತದೆ. ಆ ಕ್ಯಾಲ್ಸಿಯಂ, ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನಿನ ಜೊತೆ ಸೇರಿ, ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸನ್ನು ಎಬ್ಬಿಸುತ್ತದೆ.

ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಿತ್ತು, ಪಕ್ಕದಲ್ಲಿ ಮೆಟ್ಟುಗತ್ತಿಗಳ ಸಾಲು. ಬೇರೆ ಉದಾಹರಣೆ ಹುಡುಕಬೇಕಾಗಿ ಬರಲಿಲ್ಲ. ಸಿಪ್ಪೆಯಿರುವ ಅಡಿಕೆಯನ್ನು ಯಾರೂ ಬೇಯಿಸುವ ಹಂಡೆಗೆ ಹಾಕುವುದಿಲ್ಲ. ಸುಲಿದದ್ದು ಮಾತ್ರ ಒಳಗೆ. ಕ್ಯಾಲ್ಸಿನ್ಯೂರಿನ್ ಸುಲಿಯುವ ಆಳು. ಫಾಸ್ಫೇಟ್ ಸಿಪ್ಪೆ. 2000ದಲ್ಲಿ ಒಂದು ಬಗೆಯ ಎನ್‌ಫ್ಯಾಟನ್ನು ಬಿಡಿಸಿ ನೋಡಿದಾಗ ಅದರ ನಿಯಂತ್ರಣ ಭಾಗದಲ್ಲಿ 14 ಕಡೆ ಫಾಸ್ಫೇಟ್ ಇತ್ತು. ಕೋಶ ಎಚ್ಚರಗೊಂಡಾಗ ಅದರಲ್ಲಿ 13 ಕಳಚಿ ಬೀಳುತ್ತಿದ್ದವು. ಅಷ್ಟು ಕಳಚಿದ ಮೇಲೆ ಪ್ರೋಟೀನಿನ ಮಡಿಕೆ ಬದಲಾಗಿ ಚೀಟಿ ಹೊರಗೆ ಕಾಣುತ್ತದೆ, ಒಳಗಿಂದ ಹೊರಗೆ ಕಳಿಸುವ ಇನ್ನೊಂದು ಚೀಟಿ ಮುಚ್ಚಿಕೊಳ್ಳುತ್ತದೆ. ಎನ್‌ಫ್ಯಾಟ್ ಕೇಂದ್ರದೊಳಗೆ ಹೋಗಿ ಇಂಟರ್‌ಲ್ಯೂಕಿನ್-2ರ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಟಿ ಕೋಶಗಳಿಗೆ ಹೆಚ್ಚಾಗಿ ಎಂದು ಹೇಳುವ ಸಂಕೇತ ಅದು. ಟಿ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಕಿಡ್ನಿಯ ಮೇಲೆ ಬೀಳುತ್ತವೆ.

"ಗುಳಿಗೆ ಈಗ ಕತ್ತಿಯನ್ನ ಮೊಂಡು ಮಾಡ್ತು, ಅಲ್ದ?" ಎಂದ ಭಾವ.

ಅಲ್ಲ. ಇದು ನನಗೆ ಯಾವಾಗಲೂ ಇಷ್ಟವಾಗುವ ಭಾಗ. ಟ್ಯಾಕ್ರೋಲಿಮಸ್ ಒಂದೇ ಹೋಗಿ ಕ್ಯಾಲ್ಸಿನ್ಯೂರಿನ್ ಹತ್ತಿರ ಏನೂ ಮಾಡಲಾರದು. ಮೊದಲು ಕೋಶದಲ್ಲೇ ಇರುವ ಎಫ್‌ಕೆಬಿಪಿ-12 ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಈ ಜೋಡಿ ಹೋಗಿ ಕತ್ತಿಯ ಅಲಗಿನ ಮೇಲೆ ಅಲ್ಲ, ಅಲಗಿನ ಪಕ್ಕದಲ್ಲಿ ಕೂರುತ್ತದೆ. 1995ರಲ್ಲಿ ಈ ಪ್ರೋಟೀನುಗಳನ್ನು ಹರಳುಗಟ್ಟಿಸಿ ತೆಗೆದ ಚಿತ್ರಗಳು ಇದನ್ನು ತೋರಿಸಿದವು. ಅಲಗು ಹರಿತವಾಗಿಯೇ ಇದೆ. ಪ್ರಯೋಗಾಲಯದಲ್ಲಿ ತೀರಾ ಸಣ್ಣ ಅಣು ಕೊಟ್ಟರೆ ಈಗಲೂ ಕತ್ತರಿಸುತ್ತದೆ. ಆದರೆ ಎನ್‌ಫ್ಯಾಟಿನಂಥ ದೊಡ್ಡ ಅಡಿಕೆ ಅಲಗಿನ ಹತ್ತಿರ ಬರಲಾಗುವುದಿಲ್ಲ, ನಡುವೆ ಯಾರೋ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ.

ಭಾವ ತನ್ನ ಮೆಟ್ಟುಗತ್ತಿಯನ್ನೇ ನೋಡುತ್ತಾ ಕೂತ. ಹೆಬ್ಬೆರಳಿನ ಬಟ್ಟೆ ಇನ್ನೂ ಹಾಗೇ ಇತ್ತು.

ಉದಾಹರಣೆ ಒಂದು ಕಡೆ ಮುರಿಯುತ್ತದೆ, ಅದನ್ನೂ ಹೇಳಿದೆ. ಸುಲಿದ ಅಡಿಕೆಗೆ ಮತ್ತೆ ಸಿಪ್ಪೆ ಹಚ್ಚಲು ನಮ್ಮ ಸೀಮೆಯಲ್ಲಿ ಯಾರಿಗೂ ಬರುವುದಿಲ್ಲ. ಕೋಶಕ್ಕೆ ಬರುತ್ತದೆ. ಜಿಎಸ್‌ಕೆ-3, ಸಿಕೆ1, ಡಿವೈಆರ್‌ಕೆ ಎಂಬ ಕೈನೇಸ್‌ಗಳು ಫಾಸ್ಫೇಟನ್ನು ಮರಳಿ ಅಂಟಿಸುತ್ತವೆ, ಎನ್‌ಫ್ಯಾಟ್ ಹೊರಗೆ ಬರುತ್ತದೆ. ಇದಕ್ಕೆ ದಿನಗಟ್ಟಲೆ ಬೇಡ, ನಿಮಿಷಗಳು ಸಾಕು. ಅಂದರೆ ಒಳಗಿರಬೇಕಾದರೆ ಕ್ಯಾಲ್ಸಿಯಂ ಏರಿಯೇ ಇರಬೇಕು, ಸುಲಿತ ನಡೆಯುತ್ತಲೇ ಇರಬೇಕು. ಹೊರಗಿಡಬೇಕಾದರೆ ಔಷಧವೂ ಅಷ್ಟೇ ಬಿಡದೆ ಕೂತಿರಬೇಕು. ಒಂಬತ್ತು ಗಂಟೆಯ ಶಿಸ್ತು ಯಾಕೆ ಎಂದು ನಾನು ಬೇರೆ ಹೇಳಲಿಲ್ಲ. ಭಾವನೇ ಗಡಿಯಾರ ನೋಡಿದ.

ಇದು ಹೀಗೇ ಎಂದು ಹೇಗೆ ಗೊತ್ತಾಯಿತು

ಔಷಧ ಮೊದಲು ಬಂತು, ಅದು ಏನು ಮಾಡುತ್ತದೆ ಎಂಬುದು ಆಮೇಲೆ. ಇದರ ಅಣ್ಣ ಸೈಕ್ಲೋಸ್ಪೋರಿನ್ ನಾರ್ವೆಯ ಒಂದು ಪ್ರಸ್ಥಭೂಮಿಯಿಂದ ತಂದ ಮಣ್ಣಿನ ಬೂಷ್ಟಿನಲ್ಲಿ ಸಿಕ್ಕಿತು. ಟ್ಯಾಕ್ರೋಲಿಮಸ್ 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿತು. ಇಂಗ್ಲಿಷಿನಲ್ಲಿ ಬರೆದರೆ ಹೆಸರಿನ ಮೊದಲ ಅಕ್ಷರ 'ಟಿ' ಆ ಊರಿನದೇ. ಕಸಿಯಾದವರು ಬದುಕಿ ಉಳಿಯತೊಡಗಿದರು, ಯಾಕೆ ಎಂದು ಮಾತ್ರ ತಿಳಿದಿರಲಿಲ್ಲ. 1991ರಲ್ಲಿ ಎರಡು ಎಳೆ ಕೂಡಿದವು. ಈ ಎರಡೂ ಔಷಧಗಳು ಬೇರೆ ಬೇರೆ ಪ್ರೋಟೀನಿಗೆ ಅಂಟಿಕೊಂಡರೂ ಕೊನೆಗೆ ಹೋಗಿ ಹಿಡಿಯುವುದು ಕ್ಯಾಲ್ಸಿನ್ಯೂರಿನನ್ನೇ ಎಂದು ಸ್ಟುವರ್ಟ್ ಶ್ರೈಬರ್ ಮತ್ತು ಸಂಗಡಿಗರು ತೋರಿಸಿದರು. ಅದೇ ವರ್ಷ ಜೆರಾಲ್ಡ್ ಕ್ರ್ಯಾಬ್‌ಟ್ರೀ ತಂಡ, ಈ ಔಷಧ ಕೊಟ್ಟರೆ ಎನ್‌ಫ್ಯಾಟಿನ ಹೊರಗಿನ ಪಾಲು ಕೇಂದ್ರಕ್ಕೆ ಹೋಗುವುದೇ ಇಲ್ಲ ಎಂದು ತೋರಿಸಿತು.

ಇನ್ನೊಂದು ಪುರಾವೆ ನಿಸರ್ಗವೇ ಕೊಟ್ಟದ್ದು, ಸ್ವಲ್ಪ ನೋವಿನದು. ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿ ಇಲ್ಲದ ಕೆಲವು ಮಕ್ಕಳ ಟಿ ಕೋಶಗಳಿಗೆ ಕ್ಯಾಲ್ಸಿಯಂ ಒಳಗೆ ಬಿಟ್ಟುಕೊಳ್ಳಲು ಬರುತ್ತಿರಲಿಲ್ಲ. 2006ರಲ್ಲಿ ದೋಷ ಒರೈ-1 ಎಂಬ ತೂಬಿನ ಪ್ರೋಟೀನಿನಲ್ಲಿದೆ ಎಂದು ಗೊತ್ತಾಯಿತು. ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ತೂಬು ತೆರೆಯಲಿಲ್ಲ, ಎನ್‌ಫ್ಯಾಟ್ ಒಳಗೆ ಹೋಗಲಿಲ್ಲ. ಕೋಶಗಳು ಇದ್ದವು, ಲೆಕ್ಕಕ್ಕೆ ಸರಿಯಾಗಿಯೇ ಇದ್ದವು. ಕೆಲಸ ಮಾತ್ರ ಇಲ್ಲ. ಭಾವನ ಮೈಯಲ್ಲಿ ಗುಳಿಗೆ ಅಳತೆ ಹಾಕಿ ಮಾಡುತ್ತಿರುವುದನ್ನೇ ಆ ಮಕ್ಕಳಲ್ಲಿ ವಿಧಿ ಅಳತೆಯಿಲ್ಲದೆ ಮಾಡಿತ್ತು.

ಸಿಪ್ಪೆ ಇದ್ದರೆ ಹೊರಗೆ, ಇಲ್ಲದಿದ್ದರೆ ಒಳಗೆ?

"ಫಾಸ್ಫೇಟ್ ಇದ್ರೆ ಹೊರಗೆ. ಅಷ್ಟೇ ಅಲ್ದಾ ಭಾವ?" ಎಂದು ಅವನು ಕೇಳಿದ. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವುದೂ ಇದನ್ನೇ. ನಾನು ಅಂಕ ಕಳೆಯುವುದೂ ಇದಕ್ಕೇ.

ಎಸ್‌ವಿ40 ಎಂಬ ವೈರಸ್ಸಿನ ಒಂದು ಪ್ರೋಟೀನು ಕೇಂದ್ರಕ್ಕೆ ಹೋಗುತ್ತದೆ. ಕೇಂದ್ರಕ್ಕೆ ಹೋಗುವ ಚೀಟಿ ಏಳೇ ಅಮೈನೋ ಆಮ್ಲದ್ದು ಎಂದು ಮೊದಲು ಸ್ಪಷ್ಟವಾದದ್ದು ಅದರಲ್ಲೇ, 1984ರಲ್ಲಿ. ನಡುವಿನ ಒಂದು ಲೈಸೀನ್ ಬದಲಿಸಿದರೆ ಸಾಕು, ಪ್ರೋಟೀನು ಹೊರಗೇ ಉಳಿಯುತ್ತಿತ್ತು. ಆ ಚೀಟಿಗಿಂತ ಸ್ವಲ್ಪ ಮೊದಲು ಸಿಕೆ2 ಎಂಬ ಕೈನೇಸ್ ಫಾಸ್ಫೇಟ್ ಅಂಟಿಸುವ ಜಾಗ ಇದೆ. ಅಲ್ಲಿ ಅಂಟಿಸಿದರೆ ಪ್ರೋಟೀನು ನಿಲ್ಲುವುದಿಲ್ಲ, ಬದಲಿಗೆ ಹಲವು ಪಟ್ಟು ಬೇಗ ಒಳಗೆ ಹೋಗುತ್ತದೆ. ಚೀಟಿಗೆ ಇನ್ನೂ ಹತ್ತಿರ, 124ನೇ ಸ್ಥಾನದಲ್ಲಿ, ಕೋಶ ವಿಭಜನೆಯ ಒಂದು ಕೈನೇಸ್ ಇನ್ನೊಂದು ಫಾಸ್ಫೇಟ್ ಅಂಟಿಸುತ್ತದೆ. ಅದು ಒಳಗೆ ಹೋಗುವುದನ್ನು ತಡೆಯುತ್ತದೆ. ಹತ್ತು ಹದಿನೈದು ಅಮೈನೋ ಆಮ್ಲಗಳ ಅಂತರದಲ್ಲಿ ಒಂದೇ ಫಾಸ್ಫೇಟ್ ಒಂದು ಕಡೆ ಬಾ ಎನ್ನುತ್ತದೆ, ಇನ್ನೊಂದು ಕಡೆ ನಿಲ್ಲು ಎನ್ನುತ್ತದೆ. ಯಾವ ಕಿಣ್ವ, ಯಾವ ಜಾಗದಲ್ಲಿ ಅಂಟಿಸಿತು ಎಂಬುದೇ ಮುಖ್ಯ.

ಭಾವನ ಗುಳಿಗೆ ಡಬ್ಬಿಯಲ್ಲೇ ಇದಕ್ಕಿಂತ ಮಜಾ ಇದೆ. ಟ್ಯಾಕ್ರೋಲಿಮಸ್ ಒಂದು ಪ್ರೋಟೀನನ್ನು ಕೇಂದ್ರದ ಹೊರಗೆ ಇಡುತ್ತದೆ. ಪಕ್ಕದ ಖಾನೆಯ ಪ್ರೆಡ್ನಿಸೋಲೋನ್ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೇಂದ್ರದ ಒಳಗೆ ಕಳಿಸಿ ಕೆಲಸ ಮಾಡಿಸುತ್ತದೆ. ಒಂದೇ ಉದ್ದೇಶಕ್ಕೆ ಒಬ್ಬ ಬಾಗಿಲಲ್ಲಿ ತಡೆಯುವವ, ಇನ್ನೊಬ್ಬ ಒಳಗೆ ಕರೆದುಕೊಂಡು ಹೋಗುವವ. ಈ ಮಾತು ಅಕ್ಕನಿಗೆ ಬಹಳ ಖುಷಿ ಕೊಟ್ಟಿತು.

ಕೈಯೇ ಯಾಕೆ?

ಔಷಧ ಜಾಸ್ತಿಯಾದರೆ ಕಿಡ್ನಿಗೆ ಇನ್ನೂ ಭದ್ರ ಎಂದು ತೋರಬಹುದು. ಎನ್‌ಫ್ಯಾಟ್ ಇನ್ನಷ್ಟು ಗಟ್ಟಿಯಾಗಿ ಹೊರಗಿರುತ್ತದೆ, ಅಲ್ವಾ? ತೊಂದರೆ ಏನೆಂದರೆ ಕ್ಯಾಲ್ಸಿನ್ಯೂರಿನ್ ಟಿ ಕೋಶದ ಸ್ವಂತ ಆಸ್ತಿಯಲ್ಲ. 1979ರಲ್ಲಿ ಕ್ಲಾಡ್ ಕ್ಲೀ ಮತ್ತು ಸಂಗಡಿಗರು ಅದಕ್ಕೆ ಹೆಸರಿಟ್ಟದ್ದೇ ಅದು ಕ್ಯಾಲ್ಸಿಯಂ ಹಿಡಿಯುವ, ನರಗಳಲ್ಲಿ ಸಿಗುವ ಪ್ರೋಟೀನು ಎಂದು. ಮೆದುಳಿನಲ್ಲಿ ಅದು ಧಾರಾಳವಾಗಿದೆ. ಇನ್ಸುಲಿನ್ ಮಾಡುವ ಕೋಶಗಳಲ್ಲೂ ಇದೆ. ಟ್ಯಾಕ್ರೋಲಿಮಸ್ ಜಾಸ್ತಿಯಾದರೆ ಕೈ ನಡುಕ, ತಲೆನೋವು, ಬಿಪಿ, ಸಕ್ಕರೆ ಎಲ್ಲ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಕಿಡ್ನಿಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಸಂಕುಚಿಸುತ್ತವೆ. ಕಿಡ್ನಿ ಉಳಿಸಲು ಕೊಟ್ಟ ಔಷಧವೇ ಕಿಡ್ನಿಗೆ ತೊಂದರೆ ಕೊಡುವುದು ಹೀಗೆ. ಭಾವನ ಕ್ರಿಯಾಟಿನಿನ್ ಏರಿದ್ದಕ್ಕೆ ಡಾಕ್ಟರು ಕೊಟ್ಟ ವಿವರಣೆಯೂ ಇದೇ.

ಒಂದು ವಿಷಯ ಇಲ್ಲಿ ಒಪ್ಪಿಕೊಳ್ಳಬೇಕು. ಕ್ರಿಯಾಟಿನಿನ್ ಏರಿದಾಗ ಮೈ ಕಿಡ್ನಿಯನ್ನು ತಿರಸ್ಕರಿಸುತ್ತಿದೆ ಎಂದೇ ನಾನು ಮನಸ್ಸಿನಲ್ಲಿ ನಿರ್ಧರಿಸಿಬಿಟ್ಟಿದ್ದೆ. ಅಕ್ಕನಿಗೆ ಹೇಳಲಿಲ್ಲ, ರಾತ್ರಿಯಿಡೀ ಹೊರಳಾಡಿದೆ. ಔಷಧ ಕಮ್ಮಿಯಾದರೂ ಆ ಸಂಖ್ಯೆ ಏರುತ್ತದೆ, ಜಾಸ್ತಿಯಾದರೂ ಏರುತ್ತದೆ. ಒಂದೇ ಸಂಖ್ಯೆಗೆ ಎರಡು ವಿರುದ್ಧ ಕಾರಣ. ಭಾವ ತನ್ನ ಲೆಕ್ಕದಂತೆ ಗುಳಿಗೆ ಬಿಟ್ಟಿದ್ದರೆ, ಅಥವಾ ನಾನು ಹೆದರಿ ಜಾಸ್ತಿ ಮಾಡಿಸಿದ್ದರೆ, ಎರಡೂ ತಪ್ಪಾಗುತ್ತಿತ್ತು. ರಕ್ತದ ಆ ಒಂದು ಅಳತೆ ಇಲ್ಲದೆ ಯಾರೂ ಏನೂ ಹೇಳುವಂತಿರಲಿಲ್ಲ.

ಆಮೇಲೆ ಆದದ್ದು

ಡಾಕ್ಟರು ಎರಡು ಹೊತ್ತಿನ ಟ್ಯಾಕ್ರೋಲಿಮಸ್ ಬಿಡಿಸಿದರು. ಚಕ್ಕೋತ ಪೂರ್ತಿ ನಿಲ್ಲಿಸಿ ಹಳೆಯ ಪ್ರಮಾಣವನ್ನೇ ಮುಂದುವರಿಸಿ ಎಂದರು. ಈ ತೀರ್ಮಾನ ಭಾವನ ವರದಿ ನೋಡಿ ಭಾವನಿಗಾಗಿ ಮಾಡಿದ್ದು, ಇನ್ನೊಬ್ಬರು ಇದನ್ನು ನಕಲು ಮಾಡುವ ಹಾಗಿಲ್ಲ. ಐದನೇ ದಿನ ಮತ್ತೆ ರಕ್ತ ಕೊಟ್ಟೆವು, ಈ ಬಾರಿ 7.1. ಕೈ ನಡುಕ ಹತ್ತು ದಿನಕ್ಕೆ ಬಹುಪಾಲು ನಿಂತಿತು. ಕ್ರಿಯಾಟಿನಿನ್ 1.3ಕ್ಕೆ ಇಳಿಯಲು ಮೂರು ವಾರ ಬೇಕಾಯಿತು. ಹೆಬ್ಬೆರಳಿನ ಗಾಯ ಎಲ್ಲಕ್ಕಿಂತ ನಿಧಾನಕ್ಕೆ ಮಾಗಿತು.

ಭಾವ ಇನ್ನೂ ಏನೇನೋ ಕೇಳಿದ. ಕಿತ್ತಳೆ ತಿನ್ನಬಹುದಾ, ಮೂಸಂಬಿ ತಿನ್ನಬಹುದಾ? ಆ ಎರಡಕ್ಕೂ ಡಾಕ್ಟರು ಅಡ್ಡಿ ಹೇಳಲಿಲ್ಲ. ನಮ್ಮ ಕಡೆಯ ಬೇರೆ ಹುಳಿ ಹಣ್ಣುಗಳ ಹೆಸರು ಒಂದೊಂದೇ ಹೇಳತೊಡಗಿದಾಗ ಅವರು ನಕ್ಕು, ಮರ ಹತ್ತುವ ಮೊದಲು ಫೋನು ಮಾಡಿ ಎಂದರು.

ಆಸ್ಪತ್ರೆಯ ಆ ಹಾಳೆಯನ್ನು ಅಕ್ಕ ದೇವರ ಕೋಣೆಯ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ. ಗ್ರೇಪ್‌ಫ್ರೂಟ್ ಎಂಬ ಇಂಗ್ಲಿಷ್ ಪದದ ಮೇಲೆ ಬಾಲ್ ಪೆನ್ನಿನಲ್ಲಿ ದಪ್ಪಕ್ಕೆ ಚಕ್ಕೋತ ಎಂದು ಬರೆದಿದ್ದಾಳೆ. ಉಳಿದ ಹಣ್ಣು ಎರಡು ಚೀಲ ತುಂಬಿ ನನ್ನ ಜೊತೆ ಕಾರವಾರಕ್ಕೆ ಬಂದವು, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಂಚಿದೆ. ಹಂಚುವ ಮೊದಲು ಯಾರು ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿದ್ದಕ್ಕೆ ಕೆಲವರಿಗೆ ಸಿಟ್ಟು ಬಂತು.

ಮಾರ್ಚ್‌ನಲ್ಲಿ ಹೋದಾಗ ಜಗಲಿಯ ಮೇಲೆ ಒಂದು ದೊಡ್ಡ ಪಾತ್ರೆಯಲ್ಲಿ ದ್ರಾಕ್ಷಿ ಇತ್ತು. ಶಿರಸಿ ಪೇಟೆಯಿಂದ ಎರಡು ಕೆಜಿ ತಂದಿದ್ದ. ಅಕ್ಕ ಎರಡೆರಡು ಸಲ ತೊಳೆದಿದ್ದಳು. ಭಾವ ಒಂದೊಂದೇ ಕಿತ್ತು ಬಾಯಿಗೆ ಹಾಕುತ್ತಿದ್ದ, ಕೈ ಸ್ವಲ್ಪವೂ ಅಲುಗದೆ. "ಮೂರು ವರ್ಷದ ಬಾಕಿ" ಎಂದು ಪಾತ್ರೆಯನ್ನು ನನ್ನ ಕಡೆ ದೂಡಿದ.